ಮೊಳೆಹಬ್ಬದ ಹಿಂದಿನ ದಿನ

ಅಕ್ಕನ ಕನ್ನಡಿಯ ಮೇಲೆ ನಾನು ಬರೆದದ್ದು ಅವಳಿನ್ನೂ ಉಸಿರಾಡುತ್ತಿದ್ದಾಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳುವ ಧೈರ್ಯ ಬರಲಿಕ್ಕಿಲ್ಲ.

ಬರೆಯುವುದೇ ನನ್ನ ಕೆಲಸ. ಅಪ್ಪ ವೇಲ್ಥುರ್ ಕಂಚುಗಾರ. ನಮ್ಮ ಊರು ವೆಲ್ಸ್ನಾ ಕೂತಿರುವ ಬಂಡೆಯ ಮೇಲೆ, ಪಡುವಣ ಅಂಚಿನಲ್ಲಿ ಅವನ ಕುಲುಮೆ. ಹೂಜಿ, ತಟ್ಟೆ, ದೀಪದ ಕಂಬ, ಕನ್ನಡಿ ಎಲ್ಲವೂ ಅವನ ಕೈಯಿಂದ ಹೊಳೆಯುತ್ತ ಬರುತ್ತವೆ. ಅಕ್ಷರ ಮಾತ್ರ ಬರುವುದಿಲ್ಲ. ಅಪ್ಪನಿಗೆ ಅಕ್ಷರ ಬಾರದು, ಸೇತ್ರಾಗೆ ಮಾತು ಬಾರದು, ಇಬ್ಬರನ್ನೂ ಸೇರಿಸಿದರೆ ಒಬ್ಬ ಪೂರ್ತಿ ಮನುಷ್ಯ ಆಗುತ್ತಾನೆ ಎಂದು ಅಕ್ಕ ರಾವಂತು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ಸೇತ್ರಾ ಎಂದರೆ ನಾನು. ಅಕ್ಕ ಹಾಗೆ ನಗುವಾಗ ನಾನು ಕುಲುಮೆಯ ಹಿಂದಕ್ಕೆ ಸರಿದುಕೊಳ್ಳುತ್ತಿದ್ದೆ. ನನಗೆ ಬೇಸರವೇನೂ ಆಗುತ್ತಿರಲಿಲ್ಲ. ಅವಳು ಇಬ್ಬರ ಪಾಲಿನ ಮಾತನ್ನೂ ಆಡುತ್ತಿದ್ದಾಳೆ ಎಂದು ಸಮಾಧಾನವೇ ಆಗುತ್ತಿತ್ತು.

ನಾನು ಹೆಚ್ಚಾಗಿ ಬರೆಯುವುದು ಒಂದೇ ಮಾತು. ಸುಥಿನಾ. ಗೋರಿಯದು. ಸತ್ತವರ ಜೊತೆ ಹೋಗುವ ಕಂಚಿನ ಮೇಲೆಲ್ಲ ಅದು ಇರಲೇಬೇಕು. ಹೂಜಿಯಾದರೆ ಕುತ್ತಿಗೆಯಲ್ಲಿ, ತಟ್ಟೆಯಾದರೆ ಅಂಚಿನಲ್ಲಿ ಬರೆಯುತ್ತೇನೆ. ಕನ್ನಡಿಯಾದರೆ ಮುಖ ಕಾಣುವ ಕಡೆಯೇ, ನಟ್ಟನಡುವೆ, ದೊಡ್ಡದಾಗಿ. ಬದುಕಿರುವ ಯಾರೂ ಆಮೇಲೆ ಅದರಲ್ಲಿ ತಮ್ಮನ್ನು ನೋಡಿಕೊಳ್ಳಲು ಆಗಬಾರದು. ಉಸಿರು ನಿಂತ ಮೇಲೆ, ದೇಹ ಹೊರಡುವ ಮೊದಲು, ಅಷ್ಟರೊಳಗೆ ಬರೆದು ಮುಗಿಸಬೇಕು. ಎಷ್ಟೋ ಮನೆಗಳ ಅಳು ಕೇಳುತ್ತ ಅಂಗಳದಲ್ಲಿ ಕೂತು ಬರೆದಿದ್ದೇನೆ. ಯಾರ ಜೊತೆಗೂ ಮಾತಾಡಬೇಕಾಗಿಲ್ಲದ ಕೆಲಸ ಅದು, ಹಾಗಾಗಿ ನನಗೆ ಹಿಡಿಸಿತ್ತು.

ಆ ವರ್ಷ ಆಲಿವ್ ಕೊಯ್ಲಿನ ಹೊತ್ತಿಗೆ ರಾವಂತುಗೆ ಜ್ವರ ಬಂತು. ಜೊತೆಗೆ ಎದೆ ಕಿತ್ತುಬರುವ ಕೆಮ್ಮು. ಅವಳ ಮಗಳು ತಾನಾಗೆ ಆಗ ಮೂರು ವರ್ಷ. ಮಗುವಿಗೆ ತಗಲುವುದು ಬೇಡವೆಂದು ಅತ್ತೆಮನೆಯವರು ರಾವಂತುವನ್ನು ಮಂಚದ ಸಮೇತ ನಮ್ಮ ಮನೆಗೆ ಹೊತ್ತು ತಂದರು. ಅಮ್ಮ ಇಲ್ಲದ ಮನೆ. ಆರೈಕೆ ನನ್ನದೇ. ಇಪ್ಪತ್ತೆರಡು ದಿನ ಒದ್ದೆಬಟ್ಟೆ ಹಾಕಿದೆ, ಕಷಾಯ ಕುಡಿಸಿದೆ. ಅವಳು ಜ್ವರದಲ್ಲಿ ಬಡಬಡಿಸುವಾಗಲೂ ಒಂದೇ ಹೆಸರು ಬರುತ್ತಿತ್ತು, ತಾನಾ, ತಾನಾ. ಮಗುವಿನ ಕೂದಲು ಬಾಚಿದಿರಾ, ಮಗು ಬಾವಿಯ ಹತ್ತಿರ ಹೋಯಿತೇ ಎನ್ನುವಳು. ಕುರಿ ಕಡಿದು ಯಕೃತ್ತು ನೋಡುವ ಹಿರಿಯರು ಬಂದರು. ಯಕೃತ್ತಿನ ಎಡಭಾಗವನ್ನು ಬೆರಳಿನಿಂದ ಒತ್ತಿ ನೋಡಿ, ಕೈ ತೊಳೆದುಕೊಂಡು, "ಈ ವರ್ಷದ ಮೊಳೆ ಇವಳದ್ದಲ್ಲ" ಎಂದು ಹೊರಟುಹೋದರು.

ಮೊಳೆ ಎಂದರೆ ನೊರ್ತಿಯಾ ದೇವಿಯ ಗುಡಿಯ ಗೋಡೆಗೆ ವರ್ಷಕ್ಕೊಂದರಂತೆ ಹೊಡೆಯುವ ಮೊಳೆ. ಅದು ಬಿದ್ದರೆ ಹಳೆಯ ವರ್ಷ ಮುಗಿಯಿತು. ಅಲ್ಲಿಯ ತನಕ ಅಕ್ಕ ಉಳಿಯುವುದಿಲ್ಲ ಎಂದು ಹಿರಿಯರ ಮಾತಿನ ಅರ್ಥ. ಹೊಡೆಯುವ ದಿನ ಮತ್ತು ಅದರ ಹಿಂದಿನ ಮುಂದಿನ ದಿನ, ಒಟ್ಟು ಮೂರು ದಿನ, ಬಂಡೆಯ ಮೇಲೆ ಬೇರೆ ಯಾವ ಸುತ್ತಿಗೆಯೂ ಉಳಿಯೂ ಸದ್ದು ಮಾಡುವಂತಿಲ್ಲ. ಕುಲುಮೆಗಳು ತಣ್ಣಗಾಗುತ್ತವೆ.

ಆ ಮೂರು ದಿನಗಳು ಶುರುವಾಗುವ ಹಿಂದಿನ ದಿನ ಬೆಳಗ್ಗೆ ರಾವಂತುವಿನ ಅತ್ತೆ ರಮ್ತಾ ಬಂದಳು. ಹಿಂದೆ ಇಬ್ಬರು ಆಳುಗಳು ದೊಡ್ಡ ಬುಟ್ಟಿ ಹೊತ್ತಿದ್ದರು. ರಮ್ತಾ ಮೊದಲು ಒಳಗೆ ಹೋಗಿ ಸೊಸೆಯ ಹಣೆ ಮುಟ್ಟಿ ನೋಡಿದಳು, ಅವಳ ಕಾಲು ಒತ್ತುತ್ತ ಸ್ವಲ್ಪ ಹೊತ್ತು ಕೂತಳು, ಕಣ್ಣೊರೆಸಿಕೊಂಡಳು. ಆಮೇಲೆ ಕುಲುಮೆಯ ಹತ್ತಿರ ನನ್ನನ್ನು ಕರೆದಳು.

"ಸೇತ್ರಾ, ನಾಳೆಯಿಂದ ಸುತ್ತಿಗೆ ಸದ್ದು ಇರಲ್ಲ. ಗೊತ್ತಲ್ವಾ?"

ತಲೆಯಾಡಿಸಿದೆ.

"ಆ ಮೂರು ದಿನದಲ್ಲೇ ಅವಳು ಹೊರಟುಬಿಟ್ರೆ ಏನೇ ಮಾಡೋದು? ಹೆಣಾನ ಮೂರು ದಿನ ಮನೇಲಿ ಇಟ್ಕೊಳ್ಳೋಕಾಗುತ್ತಾ? ಗುರುತಿಲ್ಲದ ಸಾಮಾನು ತಗೊಂಡು ಹೋದ್ರೆ, ಕೆಳಗೆ ಸತ್ತೋರ ಬಾಗಿಲಲ್ಲಿ ಸುತ್ತಿಗೆ ಹಿಡಿದು ನಿಂತಿರ್ತಾನಲ್ಲ ಖಾರುನ್, ಅವನು ಒಳಗೆ ಬಿಡ್ತಾನಾ? ಎಲ್ಲ ಕಿತ್ಕೊಂಡು ಬರಿಗೈಲಿ ಕಳಿಸ್ತಾನೆ. ಮುರಿನಾ ಮನೆ ಸೊಸೆ, ನಮ್ಮ ಹಿರಿಯರ ಪಂಕ್ತೀಲಿ ಒಂದು ಬಟ್ಟಲೂ ಇಲ್ದೆ ಕೂರ್ಬೇಕಾ?"

ನಾನು ಬುಟ್ಟಿ ನೋಡಿದೆ. ಹನ್ನೊಂದು ಪಾತ್ರೆಗಳು. ಎಲ್ಲ ಅಪ್ಪನೇ ಮಾಡಿದ್ದು.

"ಉಸಿರು ನಿಂತ ಮೇಲೆ ಬರೀಬೇಕು ಅಂತ ನಂಗೂ ಗೊತ್ತು ಕಣಮ್ಮ. ನಂಗೇನು ಖುಷೀನಾ? ಬೇರೆ ದಾರಿ ಕಾಣ್ತಿಲ್ಲ. ಹಿರಿಯರು ನೋಡಿ ಹೇಳಿದ ಮೇಲೆ ಮುಗೀತು. ಇವತ್ತೇ ಬರೆದುಬಿಡು. ಸಂಜೆಯೊಳಗೆ ಕೆಳಗೆ ಗೋರೀಲಿ ಇಟ್ಟು ಬರ್ತೀವಿ. ಮತ್ತೆ..." ಅವಳು ಒಳಗಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಕನ್ನಡಿ ನಿಮ್ಮನೇಲೇ ಇದೆಯಲ್ಲ. ಅದನ್ನೂ ಬರೆದಿಟ್ಟಿರು. ಅದು ಮಾತ್ರ ಅವಳ ಜೊತೆಗೇ ಬರ್ಲಿ, ಕೈಲಿ ಹಿಡ್ಕೊಂಡು."

ಬೇಡ ಎನ್ನಬೇಕಿತ್ತು. ಅಕ್ಕ ಇನ್ನೂ ಇದ್ದಾಳೆ ಎನ್ನಬೇಕಿತ್ತು. ಮಾತು ಹೊರಗೆ ಬರಲಿಲ್ಲ. ಅಪ್ಪ ಕೆರೆಯ ಕಡೆಯ ಊರಿಗೆ ತಾಮ್ರ ತರಲು ಹೋಗಿದ್ದ, ಸಂಜೆಗೆ ಬರುವವನಿದ್ದ. ಅವನು ಬರಲಿ ಎಂದಾದರೂ ಹೇಳಬಹುದಿತ್ತು. ನಾನು ಉಳಿ ಹುಡುಕಿದೆ.

ಹನ್ನೊಂದು ಪಾತ್ರೆಗಳ ಮೇಲೆ ಬರೆದು ಕಳಿಸಿದ ಮೇಲೆ ಕನ್ನಡಿ ತರಲು ಒಳಗೆ ಹೋದೆ. ಮಂಚದ ಪಕ್ಕದ ಮೊಳೆಯಲ್ಲಿ ಅದು ತೂಗುತ್ತಿತ್ತು. ರಾವಂತುವಿನ ಮದುವೆಗೆ ಅಪ್ಪ ಮಾಡಿಕೊಟ್ಟದ್ದು. ಬೆನ್ನಿನ ಕಡೆ ಟುರಾನ್ ದೇವಿ ಕೂತಿದ್ದಾಳೆ, ಇಬ್ಬರು ಗೆಳತಿಯರು ಅವಳ ಜಡೆ ಕಟ್ಟುತ್ತಿದ್ದಾರೆ. ಆ ಮೂವರ ಹೆಸರನ್ನೂ ಪಕ್ಕದಲ್ಲಿ ಬರೆದದ್ದು ನಾನೇ, ಹದಿನಾಲ್ಕು ವರ್ಷದವಳಿದ್ದಾಗ. ತೆಗೆಯುವ ಸದ್ದಿಗೆ ಅಕ್ಕ ಅರ್ಧ ಕಣ್ಣು ಬಿಟ್ಟಳು.

"ಏನೇ ಅದು?"

"ಕನ್ನಡಿ. ಉಜ್ಜೋಕೆ."

"ಚೆನ್ನಾಗಿ ಉಜ್ಜು. ಅದ್ರಲ್ಲಿ ನನ್ನ ಮೂಗು ದಪ್ಪ ಕಾಣ್ಸುತ್ತೆ" ಎಂದು ಕಣ್ಣು ಮುಚ್ಚಿದಳು.

ಹೊರಗೆ ಬಂದು ಕನ್ನಡಿಯನ್ನು ಮರಳುಚೀಲದ ಮೇಲಿಟ್ಟೆ. ನನ್ನ ಮುಖ ಅದರಲ್ಲಿ ಬಗ್ಗಿ ನನ್ನನ್ನೇ ನೋಡುತ್ತಿತ್ತು. ತೆಳುವಾಗಿ ಗೀಚಿಬಿಡಬಹುದಿತ್ತು. ಆದರೆ ಆಳವಿಲ್ಲದ ಗುರುತು ಮಣ್ಣಿನಲ್ಲಿ ಅಳಿಸಿಹೋಗುತ್ತದೆ ಎಂದು ಅಪ್ಪ ಕಲಿಸಿದ ಕೈ ನನ್ನದು, ಅದು ತನಗೆ ಗೊತ್ತಿದ್ದಂತೆಯೇ ಕೆಲಸ ಮಾಡಿತು. ಬಲದಿಂದ ಎಡಕ್ಕೆ ಒಂದೊಂದೇ ಅಕ್ಷರ. ಮುಗಿದಾಗ ನನ್ನ ಮುಖ ಕಾಣಲಿಲ್ಲ.

ಎರಡು ದಿನ ಅಕ್ಕ ಕಣ್ಣು ಬಿಡಲಿಲ್ಲ. ಮೊಳೆಯ ದಿನ ಮಧ್ಯಾಹ್ನ ಇಡೀ ಊರು ಗುಡಿಯ ಹತ್ತಿರ ಸೇರಿತ್ತು, ನಾನೊಬ್ಬಳೇ ಅವಳ ಪಕ್ಕ ಕೂತಿದ್ದೆ. ಎಂಥ ಮೌನ ಅಂದರೆ ಗೋಡೆಯ ಮೇಲೆ ಹಲ್ಲಿ ಓಡಿದ್ದೂ ಕೇಳಿಸುತ್ತಿತ್ತು. ಆಗ ದೂರದಲ್ಲಿ ಒಂದು ಪೆಟ್ಟು. ಇನ್ನೊಂದು. ಮೂರನೆಯದು. ರಾವಂತು ಕಣ್ಣು ಬಿಟ್ಟಳು.

"ಹೊಡೆದ್ರಾ?"

"ಹೂಂ."

"ಹಾಗಾದ್ರೆ ಹೊಸ ವರ್ಷಕ್ಕೆ ಬಂದೆ ನಾನು." ತುಟಿ ನೆಕ್ಕಿಕೊಂಡಳು. "ಗಂಜಿ ಇದೆಯೇನೇ? ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ, ಸತ್ತೋಳನ್ನ ನೋಡ್ದೋಳ ಥರ?"

ಅವಳ ಹಣೆ ಮುಟ್ಟಿದೆ. ಬೆವರಿತ್ತು. ತಣ್ಣಗಿತ್ತು. ಜವೆಗೋಧಿ ಗಂಜಿ ಮಾಡಲು ಒಲೆಯ ಮುಂದೆ ಕೂತವಳು ಅಳತೊಡಗಿದೆ. ಸಂತೋಷದ ಅಳು ಎಂದೇ ಶುರುವಾಯಿತು. ನಡುವೆ ಎಲ್ಲೋ ಕನ್ನಡಿಯ ನೆನಪಾಯಿತು.

ಆ ಕನ್ನಡಿಯನ್ನು ಉಣ್ಣೆಬಟ್ಟೆಯಲ್ಲಿ ಸುತ್ತಿ ಇದ್ದಿಲಿನ ಹೆಡಿಗೆಯ ಹಿಂದೆ ಇಟ್ಟಿದ್ದೆ. ಹಬ್ಬ ಮುಗಿದ ಮರುದಿನವೇ ನೊರೆಗಲ್ಲು, ಎಣ್ಣೆ ತೆಗೆದುಕೊಂಡು ಉಜ್ಜಲು ಕೂತೆ. ಬೆರಳ ಚರ್ಮ ಕಿತ್ತು ಬಂತು, ಅಕ್ಷರ ಹೋಗಲಿಲ್ಲ. ಕೊನೆಗೆ ಅಪ್ಪನಿಗೆ ತೋರಿಸಿದೆ. ಅವನು ಓದಲಾರ, ಆದರೆ ಆ ಗುರುತಿನ ಆಕಾರ ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ. ಹೆಬ್ಬೆರಳಿನಿಂದ ಅದನ್ನು ಸವರಿ ನೋಡಿದ.

"ಯಾರು ಹೇಳಿದ್ದು?"

"ರಮ್ತಾ ಅತ್ತೆ."

"ನೀನು ಏನಂದೆ?"

ನಾನು ಏನೂ ಅನ್ನಲಿಲ್ಲ ಎನ್ನುವುದು ಅವನಿಗೆ ನನ್ನ ಮುಖದಲ್ಲೇ ಸಿಕ್ಕಿತು. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಕುಲುಮೆಗೆ ಇದ್ದಿಲು ಹಾಕಿದ, ತಿದಿ ಒತ್ತಿದ, ಕೆಂಡ ಬೆಳ್ಳಗಾದಾಗ ಕನ್ನಡಿಯನ್ನು ಇಕ್ಕಳದಲ್ಲಿ ಹಿಡಿದ. ಹಿಡಿದು ನಿಂತ. ನಿಂತೇ ಇದ್ದ.

"ಆಗಲ್ಲ ಮಗಳೇ" ಎಂದು ಇಕ್ಕಳ ಕೆಳಗಿಟ್ಟ. "ಇದು ಈಗ ಕೆಳಗಿರೋ ಸತ್ತೋರದು. ಅವರ ಸಾಮಾನಿಗೆ ನಾನು ಬೆಂಕಿ ಇಟ್ರೆ, ಅವರು ಸಿಟ್ಟು ತೀರಿಸ್ಕೊಳ್ಳೋದು ಯಾರ್ ಮೇಲೆ? ಅವಳ ಮೇಲೇ."

ಒಳಗಿನಿಂದ ಅಕ್ಕನ ದನಿ ಬಂತು. "ಏನು ಪಿಸುಗುಡ್ತಿದೀರಾ ಇಬ್ರೂ? ಮಾತಾಡೋದು ಕಲ್ತುಬಿಟ್ಲಾ ಇವಳು?"

ದಿನದಿಂದ ದಿನಕ್ಕೆ ಅವಳ ಮೈಗೆ ಜೀವ ಬಂತು. ಕೆಮ್ಮು ಸ್ವಲ್ಪ ಉಳಿದಿತ್ತು ಅಷ್ಟೇ. ಹುರಿದ ಚೆಸ್ಟ್‌ನಟ್ ಬೇಕು, ಕೆರೆಯ ಮೀನು ಬೇಕು, ಮೀನಿನಲ್ಲಿ ಮುಳ್ಳು ಯಾಕಿದೆ ಎಂದು ನನ್ನ ಜೊತೆ ಜಗಳ. ಎಂಟನೆಯ ದಿನ ಎದ್ದು ಕೂತು ಹೇಳಿದಳು. "ಇವತ್ತು ಮನೆಗೆ ಹೋಗ್ತೀನಿ. ತಾನಾ ನನ್ನ ಮರ್ತೇಬಿಟ್ಟಿರ್ತಾಳೆ. ನಿನ್ನ ಭಾವ ಲಾರಿಸ್ ಯಾಕೆ ಒಂದು ಸಲಾನೂ ಬಂದಿಲ್ಲ? ಗಂಡಸರೇ ಹೀಗೆ, ಕಾಯಿಲೆ ಅಂದ್ರೆ ಮೈಲಿ ದೂರ. ಕನ್ನಡಿ ಕೊಡೇ. ಈ ತಲೇಲಿ ಹೋದ್ರೆ ಮಗು ಹೆದರ್ಕೊಳ್ಳುತ್ತೆ."

"ಉಜ್ಜಿ ಮುಗ್ದಿಲ್ಲ."

"ಇನ್ನೂ? ಅಷ್ಟು ಹೊತ್ತಿಗೆ ಆನೆ ತೊಳೆದು ಮುಗಿಸ್ತಿದ್ರು." ಬೋಗುಣಿಯ ನೀರಿನಲ್ಲಿ ಮುಖ ನೋಡಿಕೊಂಡು ಜಡೆ ಹಾಕಿಕೊಂಡಳು. ನಾನು ತಡೆಯಲಿಲ್ಲ. ಎಂದಿನಂತೆ ಎಡಗಾಲನ್ನು ತುಸು ಎಳೆದು ಹಾಕುತ್ತ ನಡೆದ ಅವಳ ಕೈ ಹಿಡಿದುಕೊಂಡು ಜೊತೆಗೆ ಹೋದೆ. ದಾರಿಯಲ್ಲಿ ಎದುರಾದ ಹೆಂಗಸರು ಅವಳನ್ನು ನೋಡಿ ಪಕ್ಕದ ಓಣಿಗೆ ತಿರುಗಿಕೊಂಡರು. ಅವಳು ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸಿದರೂ ಕಾಯಿಲೆಯ ಭಯ ಅಂದುಕೊಂಡಳು.

ಮುರಿನಾ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ತಾನಾ ಯಾವುದೋ ಹಾಡನ್ನು ತನಗೆ ಬಂದಂತೆ ಹೇಳಿಕೊಳ್ಳುತ್ತಿದ್ದಳು. ರಮ್ತಾ ಹೊರಗೆ ಬಂದು ಬಾಗಿಲನ್ನು ತನ್ನ ಹಿಂದೆ ಎಳೆದುಕೊಂಡಳು.

"ಅತ್ತೆ, ದೆವ್ವ ಅಂದ್ಕೊಂಡ್ರಾ?" ಎಂದು ಅಕ್ಕ ನಕ್ಕಳು. "ಜ್ವರ ಬಿಟ್ಟು ಎಂಟು ದಿನ ಆಯ್ತು. ಮುಟ್ಟಿ ನೋಡಿ ಬೇಕಾದ್ರೆ."

ರಮ್ತಾ ಮುಟ್ಟಲಿಲ್ಲ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. "ನೀನು ಬದುಕಿದ್ದು ನಂಗೆ ಸಂತೋಷ ಇಲ್ವಾ ಮಗಳೇ? ಸುದ್ದಿ ಬಂದ ದಿನ ಗುಡೀಲಿ ಬಿದ್ದು ಹೊರಳಾಡಿದೀನಿ. ಆದ್ರೆ ನಿನ್ನ ಒಳಗೆ ಕರೆಯೋಕಾಗಲ್ಲ."

"ಯಾಕೆ?"

"ನಿನ್ನ ಸಾಮಾನೆಲ್ಲ ಕೆಳಗೆ ಹೋಗಿದೆ. ಹನ್ನೊಂದು ಪಾತ್ರೆ, ನಿನ್ನ ಹೆಸರು ಹೇಳಿ, ಗುರುತು ಹಾಕಿ, ಗೋರೀಲಿಟ್ಟು ಬಂದಿದೀವಿ. ಮುರಿನಾ ಮನೆ ಸೊಸೆ ಬರ್ತಾಳೆ ಅಂತ ಹೇಳಿ ಬಂದಿದೀವಿ. ಕೆಳಗಿನ ಹಿರಿಯರು ಹಾಸಿಗೆ ಹಾಸಿ ಕಾಯ್ತಿದಾರೆ ಕಣೇ. ಈಗ ನೀನು ಈ ಹೊಸ್ತಿಲು ದಾಟಿ ಒಳಗೆ ಬಂದ್ರೆ, ಆ ಹಾಸಿಗೆಗೆ ಈ ಮನೆಯಿಂದ ಯಾರನ್ನ ಕರೀತಾರೆ?"

ಒಳಗೆ ಹಾಡು ನಿಂತಿತು. "ಅಜ್ಜೀ, ಯಾರು ಬಂದಿರೋದು?"

"ಯಾರೂ ಇಲ್ಲ ಕಂದಾ" ಎಂದಳು ರಮ್ತಾ, ನಮ್ಮ ಕಡೆಯೇ ನೋಡುತ್ತ. ಆಮೇಲೆ ಕೈ ಮುಗಿದಳು. ಅಷ್ಟು ದೊಡ್ಡ ಮನೆಯ ಯಜಮಾನಿ ನನ್ನ ಅಕ್ಕನಿಗೆ ಕೈ ಮುಗಿದು, ಒಳಗೆ ಹೋಗಿ, ಅಗುಳಿ ಹಾಕಿಕೊಂಡಳು.

ಅಕ್ಕ ಹಿಂತಿರುಗುವಾಗ ಗಟ್ಟಿಯಾಗಿಯೇ ಬೈದಳು. "ಮುದುಕಿಗೆ ತಲೆ ಕೆಟ್ಟಿದೆ. ಪಾತ್ರೆ ಇಟ್ಟು ಬಂದ್ರಂತೆ! ಹೋಗಿ ವಾಪಸ್ ತಗೊಂಡ್ ಬರ್ಲಿ. ಅದೇನ್ ದೊಡ್ಡ ವಿಷ್ಯ? ಯಾವನು ಗುರುತು ಹಾಕಿದ್ದು ಮೊದ್ಲೇ? ಉಸಿರಿರೋವಾಗ್ಲೇ ಹಾಕಿದೋನ ಕೈ ಮುರಿದುಹೋಗ್ಲಿ."

ನಾನು ನಡೆಯುವುದನ್ನು ನಿಲ್ಲಿಸಿದೆ. ಅವಳು ಇನ್ನೂ ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದಳು. ವೆಲ್ಸ್ನಾದಲ್ಲಿ ಅಪ್ಪನ ಪಾತ್ರೆಗಳಿಗೆ ಗುರುತು ಹಾಕುವ ಕೈ ಇರುವುದು ಒಂದೇ. ಅದು ಅವಳಿಗೆ ಈಗ ಹೊಳೆಯಿತು. ಬಂದು ನನ್ನ ಕೈ ಹಿಡಿದುಕೊಂಡಳು, ಉಜ್ಜಿ ಉಜ್ಜಿ ಹಣ್ಣಾಗಿದ್ದ ಬೆರಳುಗಳನ್ನು ನೋಡಿದಳು.

"ಕನ್ನಡಿ ತೋರ್ಸು" ಎಂದಳು ಮನೆ ಸೇರಿದ ಮೇಲೆ.

ಹೆಡಿಗೆಯ ಹಿಂದಿನಿಂದ ತಂದುಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದುಕೊಂಡು ನೋಡಿದಳು. ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಕಂಚಿನಲ್ಲಿ ಅವಳ ಒಂದು ಕಣ್ಣು, ಗಲ್ಲದ ತುದಿ ಕಂಡವು. ನಡುವೆ ಎಲ್ಲ ನನ್ನ ಅಕ್ಷರಗಳು. ಕನ್ನಡಿಯನ್ನು ಆ ಕಡೆ ಈ ಕಡೆ ಓರೆ ಮಾಡಿ, ಅಕ್ಷರಗಳ ಸಂದಿಯಲ್ಲಿ ತನ್ನ ಮುಖ ಸಿಗುತ್ತದೆಯೇ ಎಂದು ಹುಡುಕಿದಳು.

"ಚೆನ್ನಾಗಿ ಬರೆದಿದೀಯ" ಎಂದಳು. ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ನಂಗೆ ಹೇಳ್ಬಾರ್ದಿತ್ತಾ ಸೇತ್ರಾ? ಎಬ್ಬಿಸ್ಬಾರ್ದಿತ್ತಾ? ನಾನೇ ಆ ಮುದುಕೀನ ಓಡಿಸ್ತಿದ್ದೆ."

ಹಾಗೆಂದು ಅವಳು ಸುಮ್ಮನೆ ಕೂರುವವಳಲ್ಲ. ಮರುದಿನವೇ ನನ್ನನ್ನು ಗಂಡನ ಹತ್ತಿರ ಕಳಿಸಿದಳು. ಲಾರಿಸ್ ಒಳ್ಳೆಯವನು, ಮೆತ್ತಗಿನವನು, ತಾಯಿಯ ಎದುರು ಇನ್ನೂ ಮೆತ್ತಗೆ. ದ್ರಾಕ್ಷಿತೋಟದ ಬೇಲಿಯ ಹತ್ತಿರ ಅವನನ್ನು ಹಿಡಿದು, ನಾಳೆ ಬೆಳಗ್ಗೆ ಬಟ್ಟೆ ಒಗೆಯುವ ಚಿಲುಮೆಗೆ ಮಗುವನ್ನು ಕರೆತರಬೇಕಂತೆ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ನಾನು ಅಷ್ಟು ಉದ್ದ ಮಾತಾಡಿದ್ದು ನೋಡಿಯೇ ಅವನು ಒಪ್ಪಿದನೋ ಏನೋ. "ಮನೆ ಹೊಸ್ತಿಲು ತಾನೇ ದಾಟ್ಬಾರ್ದು. ಚಿಲುಮೆ ಮನೆ ಅಲ್ವಲ್ಲ" ಎಂದು ತನಗೇ ಹೇಳಿಕೊಂಡ.

ಮರುದಿನ ಚಿಲುಮೆಯಲ್ಲಿ ತಾನಾ ಮೊದಲು ಲಾರಿಸನ ಕಾಲ ಹಿಂದೆ ಅವಿತುಕೊಂಡು ಇಣುಕಿ ನೋಡಿದಳು.

"ನೀನು ಕಡ್ಡಿ ಥರ ಆಗಿದೀಯ."

"ನೀನು ಕುಂಬಳಕಾಯಿ ಥರ ಆಗಿದೀಯ. ನನ್ನ ಪಾಲಿನ ಜೇನೆಲ್ಲ ಯಾರೇ ತಿಂದಿದ್ದು?"

"ಅಜ್ಜಿ ಕೊಟ್ಲು!"

"ಕಳ್ಳಿ. ಬಾ ಇಲ್ಲಿ, ಹೊಟ್ಟೆ ಒತ್ತಿ ಎಲ್ಲ ವಾಪಸ್ ತೆಗೀತೀನಿ."

ಅಷ್ಟೇ, ಮಗು ಓಡಿಬಂದು ಅವಳ ಕುತ್ತಿಗೆಗೆ ಜೋತುಬಿತ್ತು. ಒಂದು ಗಳಿಗೆಯೂ ಇಳಿಯಲಿಲ್ಲ. ಅಕ್ಕ ಅವಳ ಕೂದಲು ಬಿಚ್ಚಿ ಬಾಚಿದಳು, ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿದಳು. ನೀರು ತಣ್ಣಗಿತ್ತು, ಇಬ್ಬರೂ ಕಾಲು ಇಳಿಬಿಟ್ಟು ಎರಚಾಡಿದರು. ನಡುನಡುವೆ ಅಕ್ಕ ಮುಖ ಆಚೆ ತಿರುಗಿಸಿ ಕೆಮ್ಮಿದಳು. ಲಾರಿಸ್ ಸ್ವಲ್ಪ ದೂರದಲ್ಲಿ ನಿಂತು ಅವರನ್ನು ನೋಡುತ್ತ ಅಂಗೈಯಿಂದ ಕಣ್ಣು ಒತ್ತಿಕೊಳ್ಳುತ್ತಿದ್ದ. "ಇನ್ನು ಸ್ವಲ್ಪ ದಿನ" ಎಂದ ಹೊರಡುವಾಗ. "ಅಮ್ಮ ಮೆತ್ತಗಾಗ್ತಾರೆ. ನಾನು ಹೇಳ್ತೀನಿ." ಅಕ್ಕ ಅವನ ಕಿವಿ ಹಿಂಡಿ ಕಳಿಸಿದಳು. ಆ ದಿನ ಮನೆಗೆ ಬರುವಾಗ ಅವಳು ಹಾಡುತ್ತಿದ್ದಳು.

ಮೂರನೆಯ ದಿನ ತಾನಾಗೆ ಜ್ವರ ಬಂತು.

ಚಳಿ ಶುರುವಾದಾಗ ಮಕ್ಕಳಿಗೆ ಜ್ವರ ಬರುತ್ತದೆ. ತಣ್ಣೀರಿನಲ್ಲಿ ಕಾಲಿಟ್ಟರೆ, ಕೆಮ್ಮುವವರ ಕುತ್ತಿಗೆಗೆ ಜೋತುಬಿದ್ದರೆ ಬರುತ್ತದೆ. ಇದನ್ನು ಈಗ ಬರೆಯುತ್ತಿದ್ದೇನೆ. ಆಗ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆಯಲಿಲ್ಲ, ಅಪ್ಪನಿಗೂ, ನನಗೂ, ರಾವಂತುಗೂ. ಸುದ್ದಿ ಹೇಳಲು ಬಂದ ಲಾರಿಸ್ ಬಾಗಿಲಲ್ಲೇ ಕೂತ. "ಹಿರಿಯರು ಬಂದು ನೋಡಿದ್ರು. ಕೆಳಗಿನೋರು ಕಾದು ಕಾದು ಬೇರೆ ಯಾರನ್ನೋ ಕೇಳ್ತಿದಾರಂತೆ."

"ದಾರಿ ಇಲ್ವಂತಾ?" ಅಕ್ಕ ನಿಂತೇ ಕೇಳಿದಳು.

"ಇದೆಯಂತೆ." ಅವನು ತಲೆ ಎತ್ತಲಿಲ್ಲ. "ಕೊಟ್ಟಿದ್ದನ್ನ ಪೂರ್ತಿ ಕೊಟ್ಟುಬಿಡ್ಬೇಕಂತೆ. ಕನ್ನಡಿ ಕೂಡ. ಹೆಸರು ಕೂಡ. ಮೆರವಣಿಗೆ, ಊಟ ಎಲ್ಲ ಮಾಡಿ ಕಲ್ಲು ಮುಚ್ಚಬೇಕಂತೆ. ಆಗ ಅವರಿಗೆ ಸಮಾಧಾನ. ಆದ್ರೆ ಆಮೇಲೆ ಆ ಹೆಸರಿಂದ ಯಾರೂ ನಿನ್ನ... ನೀನು ಈ ಬಂಡೆ ಮೇಲೆ..."

"ಇರ್ಬಾರ್ದು."

"ಹೂಂ."

ನಾನು ಕಾದೆ. ಅಕ್ಕ ಬೈಯುತ್ತಾಳೆ, ಯಕೃತ್ತು ನೋಡುವ ಮುದುಕನ ಗಡ್ಡ ಹಿಡಿದು ಎಳೆಯುತ್ತೇನೆ ಎನ್ನುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಒಂದೇ. "ಮಗುಗೆ ಗಂಟಲು ನೋವಿದೆಯಾ? ಇದ್ರೆ ಬಿಸಿ ಹಾಲಿಗೆ ಜೇನು ಹಾಕಿ, ಆರಿಸಿ ಕೊಡಿ. ಬಿಸಿ ಇದ್ರೆ ಉಗೀತಾಳೆ."

ಆಮೇಲೆ ಒಳಗೆ ಹೋಗಿ ಕನ್ನಡಿ ತಂದು ಅವನ ಮಡಿಲಲ್ಲಿ ಇಟ್ಟಳು.

ಎರಡು ದಿನದಲ್ಲಿ ಎಲ್ಲ ಗೊತ್ತುಮಾಡಿದರು. ಮೊದಲ ದಿನ ಸಂಜೆಯೇ ತಾನಾಗೆ ಜ್ವರ ಇಳಿಯಿತು. ಕೇಳಿದವರೆಲ್ಲ ಹೌದುಹೌದು ಎಂದು ತಲೆಯಾಡಿಸಿದರು. ಅಕ್ಕ ಕೆರೆಯ ಆಚೆ ದಡದ ಬೆಸ್ತರ ಊರಿಗೆ ಹೋಗುವುದು ಎಂದಾಯಿತು. ಅಪ್ಪನಿಗೆ ತಾಮ್ರ ಕೊಡುವವರ ಅಕ್ಕಪಕ್ಕದ ಮನೆ. ಬಲೆ ನೇಯುವುದಕ್ಕೆ ಕೈ ಬೇಕಿತ್ತಂತೆ. ನಾನೂ ಬರುತ್ತೇನೆ ಎಂದೆ. ಈ ಸಲ ಮಾತು ಹೊರಗೇ ಬಂತು.

"ನೀನು ಬಂದ್ರೆ ಅಪ್ಪನ್ನ ಯಾರು ನೋಡ್ತಾರೆ? ಮತ್ತೆ ತಾನಾ..." ಬಟ್ಟೆ ಮಡಿಸುತ್ತಿದ್ದ ಕೈ ನಿಂತಿತು. "ಅವಳಿಗೆ ಬಲಗಡೆ ಬೈತಲೆ ತೆಗೆದ್ರೆ ಇಷ್ಟ ಆಗಲ್ಲ. ನಡುವೆ ತೆಗೀಬೇಕು. ಸಂತೇಲಿ ಸಿಕ್ಕಾಗ ನೋಡು. ನಂಗೆ ಹೇಳಿ ಕಳಿಸ್ಬೇಡ. ಕೇಳಿದ್ರೆ ಬರ್ಬೇಕು ಅನ್ಸುತ್ತೆ."

"ಅಕ್ಕ..."

"ಅಕ್ಕ ಅನ್ಬಹುದೇನೋ. ಅದನ್ನ ಕೊಟ್ಟಿಲ್ಲ ಅಲ್ವಾ." ನಗಲು ನೋಡಿದಳು. "ಅಲ್ಲಿ ಯಾರಾದ್ರೂ ಹೆಸರು ಕೇಳಿದ್ರೆ ಏನ್ ಹೇಳ್ಲಿ? ನೀನೇ ಒಂದು ಕೊಡೇ. ಇಷ್ಟು ಜನರ ಹೆಸರು ಬರೆದಿದೀಯ. ಚೆನ್ನಾಗಿರೋದು ಒಂದು ಕೊಡು."

ನನಗೆ ಗೊತ್ತಿರುವ ಹೆಸರುಗಳನ್ನೆಲ್ಲ ಮನಸ್ಸಿನಲ್ಲಿ ಹುಡುಕಿದೆ. ಒಂದೊಂದೂ ಯಾರದೋ ಹೂಜಿಯ ಮೇಲೆ, ಯಾರದೋ ಗೋರಿಯ ಬಾಗಿಲ ಮೇಲೆ ನಾನು ಕಂಡದ್ದೇ. ಅವಳಿಗೆ ಹೊಂದುವುದು ಒಂದೂ ಸಿಗಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು, ಗಂಟು ಕಟ್ಟಿ ಮುಗಿಸಿದಳು.

ಮೆರವಣಿಗೆ ಹೊರಟಾಗ ನಡುಹಗಲು. ಜೋಡಿಕೊಳಲು ಊದುವವರು ಮುಂದೆ, ಖಾಲಿ ಮಂಚ ಅವರ ಹಿಂದೆ. ಮಂಚದ ಮೇಲೆ ರಾವಂತುವಿನ ಕೆಂಪು ಹೊದಿಕೆ, ಅದರ ನಡುವೆ ಕನ್ನಡಿ. ಬಂಡೆಯ ಕೆಳಗಿನ ಗೋರಿಗಳ ಬೀದಿಗೆ ಇಳಿದೆವು. ಎರಡು ಕಡೆಯೂ ಸಾಲಾಗಿ ಕಲ್ಲಿನ ಬಾಗಿಲುಗಳು, ಮೇಲೆ ಮನೆತನಗಳ ಹೆಸರು. ಮುರಿನಾ ಮನೆಯ ಬಾಗಿಲ ಮುಂದೆ ಚಾಪೆ ಹಾಸಿ, ಬೇಯಿಸಿದ ಮೊಟ್ಟೆ, ಗೋಧಿಯ ರೊಟ್ಟಿ, ದ್ರಾಕ್ಷಾರಸ ಇಟ್ಟಿದ್ದರು. ಒಬ್ಬೊಬ್ಬರೂ ಅವಳ ಬಗ್ಗೆ ಒಂದೊಂದು ಮಾತು ಹೇಳಬೇಕು. ಅವಳು ನಗಿಸುತ್ತಿದ್ದದ್ದನ್ನೇ ಎಲ್ಲರೂ ಹೇಳಿದರು, ಹೇಳಿ ನಕ್ಕರು, ನಗುತ್ತಲೇ ಅತ್ತರು. ನಿಜವಾಗಿಯೂ ಸತ್ತವಳಿಗೆ ಅಳುವ ಹಾಗೆಯೇ. ಎಲ್ಲರಿಗಿಂತ ಹೆಚ್ಚು ಅತ್ತವಳು ರಮ್ತಾ. ಅವಳ ಅಳು ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು.

ಬೀದಿಯ ತಿರುವಿನಲ್ಲಿ ಅಂಜೂರದ ಮರದ ಕೆಳಗೆ, ಕಂದು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು, ಗಂಟು ಹಿಡಿದು ಒಬ್ಬಳು ನಿಂತಿದ್ದಳು. ದಾರಿಹೋಕರ ಹಾಗೆ. ಯಾರೂ ಆ ಕಡೆ ನೋಡಲಿಲ್ಲ. ನೋಡಬಾರದೆಂದು ಎಲ್ಲರಿಗೂ ಗೊತ್ತಿತ್ತು.

ಕನ್ನಡಿಯನ್ನು ಒಳಗಿನ ಕಲ್ಲುಮಂಚದ ಮೇಲೆ ಇಡುವ ಕೆಲಸ ನನಗೇ ಬಂತು. ಆ ಹನ್ನೊಂದು ಪಾತ್ರೆಗಳು ಗೋಡೆಯ ಉದ್ದಕ್ಕೂ ಸಾಲಾಗಿ ಕೂತಿದ್ದವು. ಇಟ್ಟು ಹೊರಗೆ ಬಂದೆ. ಲಾರಿಸನ ಹೆಗಲ ಮೇಲಿದ್ದ ತಾನಾ ಬಾಗಿ ಬಾಗಿಲೊಳಗೆ ನೋಡಿದಳು.

"ಅಮ್ಮ ಒಳಗಿದಾಳಾ?"

ಲಾರಿಸ್ ನನ್ನನ್ನು ನೋಡಿದ. ನಾನು ನೆಲ ನೋಡಿದೆ.

"ಹೂಂ" ಎಂದ.

"ಕತ್ತಲೆ ಇದೆ ಅಲ್ಲಿ!" ಮಗುವಿನ ದನಿ ಬೀದಿಯ ಎರಡೂ ಕಡೆಯ ಕಲ್ಲಿಗೆ ಬಡಿದು ತಿರುವಿನ ತನಕ ಹೋಯಿತು. "ದೀಪ ಇಡಿ. ಅವಳು ಹೆದರ್ಕೊಳ್ಳಲ್ಲ, ಆದ್ರೂ ಇಡಿ."

ಯಾರೋ ಒಂದು ಮಣ್ಣಿನ ಹಣತೆ ಹಚ್ಚಿ ಒಳಗಿಟ್ಟರು. ಆಳುಗಳು ಕಲ್ಲನ್ನು ನೂಕಿದರು. ಬೆಳಕಿನ ಗೆರೆ ತೆಳ್ಳಗಾಗುತ್ತ ಹೋಗಿ ಇಲ್ಲವಾಯಿತು.

ನಾನು ತಿರುಗಿ ನೋಡಿದಾಗ ಮರದ ಕೆಳಗೆ ಯಾರೂ ಇರಲಿಲ್ಲ. ಕೆರೆಯ ಕಡೆಯ ರಸ್ತೆಯಲ್ಲಿ ಗಾಡಿಗಳು ದೂಳೆಬ್ಬಿಸುತ್ತ ಹೋಗುತ್ತಿದ್ದವು, ಪಕ್ಕದಲ್ಲಿ ನಡೆದು ಹೋಗುವವರ ನಡುವೆ ಒಂದು ಕಂದು ಹೊದಿಕೆ. ಎಡಗಾಲನ್ನು ತುಸು ಎಳೆದು ಹಾಕುವ ಆ ನಡಿಗೆಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ತಿರುವಿನ ತನಕ ಓಡಿಹೋದೆ, ಬಾಯಿ ತೆರೆದೆ. ಕೂಗಿ ಕರೆಯಲು ನನ್ನ ಹತ್ತಿರ ಹೆಸರಿರಲಿಲ್ಲ. ಅಕ್ಕ ಎಂದು ಕೂಗಬಹುದಿತ್ತು. ಆದರೆ ತಾನಾ ಆ ಕಡೆ ನೋಡಿಬಿಟ್ಟರೆ?

ದೂಳು ಇಳಿಯುವ ತನಕ ಅಲ್ಲೇ ನಿಂತಿದ್ದೆ. ಹಿಂದಿನಿಂದ ಯಾರೋ ನನ್ನ ಹೊದಿಕೆಯ ಅಂಚು ಎಳೆದರು. ತಾನಾ, ಕೈಯಲ್ಲಿ ಒಂದು ಮೊಟ್ಟೆ ಹಿಡಿದುಕೊಂಡಿದ್ದಳು. ಸುಲಿಯಲು ಬರುತ್ತಿಲ್ಲ, ಸುಲಿದುಕೊಡು ಎಂದಳು. ಅವಳ ಬೈತಲೆಯನ್ನು ಬಲಗಡೆ ತೆಗೆದಿದ್ದರು. ನಾನು ಕಲ್ಲಿನ ಮೇಲೆ ಕೂತು ಮೊಟ್ಟೆ ಸುಲಿದುಕೊಟ್ಟೆ.